ಮರವಾಗಿಯೂ ಬಗ್ಗುತ್ತದೆ

ಮೊದಲ ಸಲ ಬಿಲ್ಲು ಮಾಡಲು ಹೊರಟಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಯಾವ ಮರ? ಬಾಗಿಲಿಗೆಂದು ತಂದು ಉಳಿದ ಸಾಗುವಾನಿ ಪಟ್ಟಿಯೊಂದು ಮನೆಯಲ್ಲಿತ್ತು. ಸಾಗುವಾನಿಗಿಂತ ಒಳ್ಳೆಯ ಮರ ಬೇಕಾ ಅಂದುಕೊಂಡು ಅದನ್ನೇ ಕೀಸಿದೆ. ಹೆದೆ ಕಟ್ಟಿ ಅರ್ಧ ಎಳೆಯುವಷ್ಟರಲ್ಲಿ, ಹಿಡಿಯಿಂದ ಒಂದು ಗೇಣು ಮೇಲೆ ಪಟ್ ಎಂದು ಮುರಿಯಿತು. ಮುರಿದ ಜಾಗ ಕಬ್ಬನ್ನು ಓರೆಯಾಗಿ ಕಡಿದ ಹಾಗಿತ್ತು.

ಆ ತುಂಡು ಹಿಡಿದುಕೊಂಡು ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ಗೆ ಹೋದೆ. ಒಂದು ಡಿಪೋದಲ್ಲಿದ್ದ ಹಿರಿಯ ಆಚಾರಿಯೊಬ್ಬರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಮರ ಒಳ್ಳೇದೇ ಸ್ವಾಮಿ. ಎಳೆ ಓಡಿಹೋಗಿದೆ, ಅಷ್ಟೆ" ಎಂದರು. ಮರದ ಎಳೆಗಳು ಪಟ್ಟಿಯ ಉದ್ದಕ್ಕೂ ಸಾಗದೆ, ನಡುವೆಯೇ ಓರೆಯಾಗಿ ಅಂಚಿನಿಂದ ಹೊರಗೆ ಹೋಗಿದ್ದವು. ನಾನು ಹೆಸರು ನೋಡಿ ಮರ ಆರಿಸಿದ್ದೆ. ನೋಡಬೇಕಾದದ್ದು ಎಳೆಯನ್ನು.

ಬಿಲ್ಲನ್ನು ಎಳೆದಾಗ ಅದರ ಎರಡು ಮುಖಗಳಿಗೆ ಎರಡು ಬೇರೆ ಬೇರೆ ಕಷ್ಟ. ಗುರಿಯ ಕಡೆಗಿರುವ ಮುಖಕ್ಕೆ ಬೆನ್ನು ಎನ್ನೋಣ. ಅದು ಹಿಗ್ಗುತ್ತದೆ. ನಮ್ಮ ಕಡೆಗಿರುವ ಮುಖ ಹೊಟ್ಟೆ. ಅದು ಕುಗ್ಗುತ್ತದೆ. ನಡುವೆ ಎಲ್ಲೋ ಹಿಗ್ಗದ, ಕುಗ್ಗದ ಒಂದು ಪದರ ಇರುತ್ತದೆ. ಇನ್ನು ಮರ ಅಂದರೆ ಕೂದಲಿಗಿಂತ ತೆಳುವಾದ ನಾರುಗಳ ಕಟ್ಟು. ಉದ್ದಕ್ಕೆ ಎಳೆದರೆ ಆ ನಾರು ತುಂಬ ಗಟ್ಟಿ. ನಾರಿಗೂ ನಾರಿಗೂ ನಡುವಿನ ಅಂಟು ಅಷ್ಟು ಗಟ್ಟಿಯಲ್ಲ. ಸೌದೆ ಒಡೆದವರಿಗೆ ಇದು ಚೆನ್ನಾಗಿ ಗೊತ್ತು. ಉದ್ದಕ್ಕೆ ಒಂದೇ ಏಟಿಗೆ ಸೀಳುವ ಕೊರಡನ್ನು ಅಡ್ಡಕ್ಕೆ ಕಡಿಯಲು ಹತ್ತು ಏಟು ಬೇಕು. ಬೆನ್ನಿನ ಮೇಲೆ ನಾರು ತುಂಡಾಗಿದ್ದರೆ ಎಳೆತವನ್ನೆಲ್ಲ ಆ ಅಂಟೇ ಹೊರಬೇಕು. ನನ್ನ ಸಾಗುವಾನಿ ಪಟ್ಟಿಯಲ್ಲಿ ಆದದ್ದು ಇದೇ.

ಬೆನ್ನು ಎಷ್ಟು ಹಿಗ್ಗುತ್ತದೆ ಎಂಬ ಲೆಕ್ಕ ಸುಲಭ. ಬಾಗಿದ ಬಿಲ್ಲನ್ನು ಒಂದು ದೊಡ್ಡ ವೃತ್ತದ ಭಾಗ ಎಂದುಕೊಳ್ಳಿ. ಬಿಲ್ಲಿನ ದಪ್ಪವನ್ನು ಆ ವೃತ್ತದ ವ್ಯಾಸದಿಂದ ಭಾಗಿಸಿದರೆ ಮುಗಿಯಿತು. 15 ಮಿ.ಮೀ. ದಪ್ಪದ ಪಟ್ಟಿ 1.5 ಮೀಟರ್ ವ್ಯಾಸದ ವೃತ್ತಕ್ಕೆ ಬಾಗಿದರೆ ಬೆನ್ನು ಶೇ. 1ರಷ್ಟು ಹಿಗ್ಗುತ್ತದೆ. ಕೇಳಲು ಸಣ್ಣದು, ಆದರೆ ಹೆಚ್ಚಿನ ಮರಗಳಿಗೆ ಅಪಾಯ ಶುರುವಾಗುವುದೇ ಅಲ್ಲಿಂದ. ಬಿಲ್ಲು ಉದ್ದವಾದಷ್ಟೂ ವೃತ್ತ ದೊಡ್ಡದು, ಹಿಗ್ಗಾಟ ಕಡಿಮೆ. ಅದಕ್ಕೇ ಮೊದಲ ಬಿಲ್ಲು ಹೆಚ್ಚುಕಡಿಮೆ ಆಳುದ್ದ, ಅಂದರೆ 180 ಸೆಂ.ಮೀ. ಇರಲಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರೆ. ಉದ್ದಕ್ಕೆ, ತೆಳ್ಳಗೆ, ಎಳೆ ಕಡಿಯದ ಹಾಗೆ ಕೀಸಿದರೆ ಮರವಾಗಿಯೂ ಬಗ್ಗುತ್ತದೆ.

ಚಳಿ ದೇಶಗಳ ಬಿಲ್ಲುಗಾರರು ಒಂದು ನಿಯಮ ಹೇಳುತ್ತಾರೆ: ಬೆನ್ನಿನ ಮೇಲೆ ಒಂದೇ ವರ್ಷದ ಉಂಗುರ ತುದಿಯಿಂದ ತುದಿಗೆ ಇರಬೇಕು. ಅಲ್ಲಿ ಚಳಿಗಾಲಕ್ಕೆ ಮರದ ಬೆಳವಣಿಗೆ ನಿಲ್ಲುತ್ತದೆ, ಹಾಗಾಗಿ ಉಂಗುರ ಎದ್ದು ಕಾಣುತ್ತದೆ. ನಮ್ಮ ಕಡೆ ಸಾಗುವಾನಿಯಂಥ ಕೆಲವು ಮರಗಳಲ್ಲಿ ಉಂಗುರ ಸ್ಪಷ್ಟ. ಇನ್ನು ಎಷ್ಟೋ ಮರಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ಆದ್ದರಿಂದ ಉಂಗುರದ ಚಿಂತೆ ಬಿಟ್ಟು ನಾರಿನ ದಾರಿ ಹಿಡಿಯಿರಿ. ಹಲಗೆಯ ಮೇಲೆ ಸಣ್ಣ ಸೂಜಿಗೆರೆಗಳು ಕಾಣುತ್ತವಲ್ಲ, ಅವು ಮರ ನೀರು ಸಾಗಿಸಿದ ಕೊಳವೆಗಳು. ಅವು ಓಡಿದ ಕಡೆಗೇ ನಾರೂ ಓಡಿರುತ್ತದೆ. ಅನುಮಾನವಿದ್ದರೆ ಒಂದು ಹನಿ ಇಂಕು ಬಿಡಿ. ಇಂಕು ಎಳೆಯ ಗುಂಟ ಹರಡುತ್ತದೆ. ಅಗಲ ಮುಖ, ಪಕ್ಕದ ಮುಖ, ಎರಡರ ಮೇಲೂ ನೋಡಿ. ಗಂಟು ಇರುವ ಪಟ್ಟಿ ಬೇಡವೇ ಬೇಡ. ಗಂಟಿನ ಸುತ್ತ ನಾರು ಬಂಡೆಯ ಸುತ್ತ ಹರಿಯುವ ನೀರಿನಂತೆ ಬಳಸಿ ಹೋಗಿರುತ್ತದೆ.

ಹೆಸರುಗಳನ್ನೂ ಸ್ವಲ್ಪ ಹೇಳುತ್ತೇನೆ. ಮಲೆನಾಡಿನ ತಡಸಲು ಮರ ಬಳುಕಿಗೆ ಹೆಸರಾದದ್ದು. ಕೊಡಲಿ, ಗುದ್ದಲಿಗಳ ಕಾವಿಗೆ ಅದನ್ನು ಬಳಸುತ್ತಾರೆ. ಸಂಸ್ಕೃತದಲ್ಲಿ ಅದಕ್ಕೆ ಧನುರ್ವೃಕ್ಷ ಎಂಬ ಹೆಸರೂ ಇದೆ. ಬೆಂಗಳೂರಿನಲ್ಲಿ ಒಳ್ಳೆಯ ತುಂಡು ಸಿಗುವುದು ಕಷ್ಟ. ಹೊರದೇಶದ ಆ್ಯಶ್ ಎಂಬ ಮರದ ಹಲಗೆ ಕಂಡರೆ, ಎಳೆ ನೇರವಿದ್ದರೆ ಧೈರ್ಯವಾಗಿ ಕೊಳ್ಳಿ. ಪ್ಲೈವುಡ್ ಬೇಡ, ಅದರಲ್ಲಿ ಅರ್ಧ ಪದರಗಳ ನಾರು ಅಡ್ಡಕ್ಕೇ ಇರುತ್ತದೆ. ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮರಗಳ ಮಾದರಿಗಳ ದೊಡ್ಡ ಸಂಗ್ರಹ ಅಲ್ಲಿದೆ. ಮರದ ಬಗ್ಗೆ ಆಸೆ ಇರುವವರಿಗೆ ಇಂಥ ಜಾಗ ನಮ್ಮ ಊರಲ್ಲೇ ಇರುವುದು ಭಾಗ್ಯ.

ಆದರೂ ಮೊದಲ ಬಿಲ್ಲಿಗೆ ನಾನು ಹೇಳುವುದು ಬಿದಿರು. ಬಿದಿರು ಮರವೇ ಅಲ್ಲ, ಹುಲ್ಲಿನ ಜಾತಿ. ಹಾಗಿರುವುದೇ ನಮಗೆ ಅನುಕೂಲ. ಮರದಲ್ಲಿ ತಿರುಳಿನಿಂದ ತೊಗಟೆಯ ಕಡೆಗೆ ಅಡ್ಡ ಓಡುವ ಜೀವಕೋಶಗಳಿರುತ್ತವೆ. ಬಿದಿರಿನ ಎರಡು ಗೆಣ್ಣುಗಳ ನಡುವೆ ಅಂಥದ್ದು ಒಂದೂ ಇಲ್ಲ. ಇರುವುದೆಲ್ಲ ಉದ್ದಕ್ಕೇ. ಅದಕ್ಕೇ ಮಚ್ಚು ಇಟ್ಟು ತಟ್ಟಿದರೆ ಅದು ಅಷ್ಟು ನೇರವಾಗಿ ಸೀಳುತ್ತದೆ. ಜೊತೆಗೆ ನಾರು ಒಳಗಡೆ ವಿರಳ, ಹೊರಮೈ ಹತ್ತಿರ ಒತ್ತೊತ್ತಾಗಿ ತುಂಬಿರುತ್ತದೆ. ಗಾಳಿಗೆ ಬಾಗುವ ಬೊಂಬಿಗೆ ಶಕ್ತಿ ಬೇಕಾಗುವುದು ಹೊರಮೈಯಲ್ಲೇ ಅಲ್ವಾ? ಬಿಲ್ಲಿನ ಬೆನ್ನಿಗೂ ಬೇಕಾದದ್ದು ಅದೇ. ಆ ಹಸಿರು ಮೈಯನ್ನು ಬೆನ್ನಾಗಿ ಇಟ್ಟುಕೊಂಡರೆ ಕಡಿಯದ ನಾರಿನ ಬೆನ್ನು ಕೆಲಸ ಶುರುವಾಗುವ ಮೊದಲೇ ಸಿದ್ಧ.

ಯುರೋಪಿನ ಯೂ ಮರದಲ್ಲೂ ಇಂಥದ್ದೇ ಒಂದು ಹೊಂದಾಣಿಕೆ ಇದೆ. ಅದರ ಹೊರಗಿನ ಬಿಳಿ ಭಾಗ ಎಳೆತ ತಾಳುತ್ತದೆ, ಒಳಗಿನ ಚೇಗು ಒತ್ತಡ ತಾಳುತ್ತದೆ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನ ಅವಶೇಷದಲ್ಲಿ ಆ ಮರದ ನೂರಕ್ಕೂ ಹೆಚ್ಚು ಬಿಲ್ಲುಗಳು ಸಿಕ್ಕಿವೆ. ಬಿದಿರು ಬೆಳೆಯುವ ನಾಡುಗಳು ಬಿದಿರನ್ನೇ ನೆಚ್ಚಿಕೊಂಡವು. ಭೂತಾನ್, ಮೇಘಾಲಯಗಳ ಸಾಂಪ್ರದಾಯಿಕ ಬಿಲ್ಲುಗಳು ಬಿದಿರಿನವು. ಜಪಾನಿನ ಎರಡು ಮೀಟರ್ ಮೀರಿದ ಬಿಲ್ಲಿನಲ್ಲೂ ಬೆನ್ನು, ಹೊಟ್ಟೆ ಎರಡಕ್ಕೂ ಬಿದಿರಿನ ಪಟ್ಟಿ ಇರುತ್ತದೆ. ನಮ್ಮ ದೇಶದ ಇಂಡಿಯನ್ ರೌಂಡ್ ಎಂಬ ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ಇವತ್ತಿಗೂ ಬಿದಿರಿನ ಬಿಲ್ಲೇ ಕೈಗೆ ಬರುತ್ತದೆ.

ಕಂಟೋನ್ಮೆಂಟ್ ಹತ್ತಿರದ ಬಂಬೂ ಬಜಾರ್ ಹೆಸರೇ ಹೇಳುವಂತೆ ಹಳೆಯ ಬಿದಿರಿನ ಪೇಟೆ. ಸಾರುವೆಗೆ, ಚಪ್ಪರಕ್ಕೆ ಕೊಡುವ ಗಳ ಕೇಳಬೇಡಿ. ಬುಡದ ಕಡೆಯ, ದಪ್ಪ ಗೋಡೆಯ, ಬಲಿತ ಬೊಂಬು ಬೇಕು ಅನ್ನಿ. ಮೂರು ವರ್ಷ ದಾಟದ ಎಳೆ ಬಿದಿರಿನಲ್ಲಿ ನಾರಿನ್ನೂ ಗಟ್ಟಿಯಾಗಿರುವುದಿಲ್ಲ. ಸುತ್ತಳತೆ ದೊಡ್ಡದಿದ್ದಷ್ಟೂ ದಬ್ಬೆ ಚಪ್ಪಟೆಯಾಗಿ ಬರುತ್ತದೆ. 5 ಸೆಂ.ಮೀ. ಅಗಲದ ದಬ್ಬೆ ಸೀಳಿಸಿಕೊಳ್ಳಿ.

ಇನ್ನು ಒಣಗಿಸುವುದು. ಹಸಿ ದಬ್ಬೆ ಬಗ್ಗುತ್ತದೆ, ಆದರೆ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ನೀರು ಇರುವ ನಾರು ಹೊಟ್ಟೆಯ ಕಡೆ ನಜ್ಜುಗುಜ್ಜಾಗುತ್ತದೆ. ಎರಡೂ ತುದಿಗೆ ಫೆವಿಕಾಲ್ ಬಳಿಯಿರಿ, ಇಲ್ಲದಿದ್ದರೆ ತುದಿ ಬೇಗ ಒಣಗಿ ಸೀಳು ಬಿಡುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ ಇಡಿ. ಪ್ರತಿ ಭಾನುವಾರ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ದಬ್ಬೆಯ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ವಾರದಿಂದ ವಾರಕ್ಕೆ ತೂಕ ಇಳಿಯದೆ ನಿಂತರೆ ಒಣಗಿದೆ ಎಂದರ್ಥ. ಮಳೆಗಾಲದಲ್ಲಿ ಅದು ಗಾಳಿಯ ನೀರನ್ನೇ ಮತ್ತೆ ಕುಡಿಯುತ್ತದೆ. ಬೆಂಗಳೂರಿನಲ್ಲಿ ಬಿಲ್ಲು ಕೆಲಸಕ್ಕೆ ಫೆಬ್ರವರಿ, ಮಾರ್ಚ್ ತಿಂಗಳುಗಳೇ ಒಳ್ಳೆಯವು.

ಸಾಮಾನು ಜಾಸ್ತಿ ಬೇಕಿಲ್ಲ. ಮಚ್ಚು, ಸಣ್ಣ ಗರಗಸ, ಕೀಸುಳಿ, ಒರಟು ಹಲ್ಲಿನ ಮರದ ಅರ, ನಯವಾದ ಅರ, ಉಪ್ಪುಕಾಗದ, ಎರಡು ಕ್ಲ್ಯಾಂಪ್. ದಪ್ಪ ಅಳೆಯಲು ಒಂದು ಕ್ಯಾಲಿಪರ್. ಎಳೆತ ತೂಗಲು ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಸಾಕು. ಗ್ರೈಂಡರ್, ಮೋಟಾರಿನ ಸ್ಯಾಂಡರ್ ದೂರ ಇಡಿ. ಕಾರಣ ಒಂದು ಸೂತ್ರದಲ್ಲಿದೆ. ಪಟ್ಟಿಯ ಅಗಲ ಅರ್ಧವಾದರೆ ಬಿಗಿತವೂ ಅರ್ಧವಾಗುತ್ತದೆ. ದಪ್ಪ ಅರ್ಧವಾದರೆ ಬಿಗಿತ ಎಂಟನೇ ಒಂದಕ್ಕೆ ಇಳಿಯುತ್ತದೆ. 12 ಮಿ.ಮೀ. ದಪ್ಪದಲ್ಲಿ ಒಂದೇ ಒಂದು ಮಿ.ಮೀ. ಕೀಸಿದರೆ ಸುಮಾರು ಶೇ. 23ರಷ್ಟು ಬಿಗಿತ ಹೋಯಿತು. ಮೋಟಾರಿಗೆ ಅದು ಎರಡು ಕ್ಷಣದ ಕೆಲಸ. ಅರ ನಿಧಾನ, ಯೋಚಿಸಲು ಸಮಯ ಕೊಡುತ್ತದೆ.

ಕೀಸುವುದು ಹೊಟ್ಟೆಯ ಕಡೆಯಿಂದ ಮಾತ್ರ. ಬೆನ್ನನ್ನು ಮುಟ್ಟಬೇಡಿ, ಗೆಣ್ಣಿನ ಉಬ್ಬನ್ನು ಮಾತ್ರ ಹಗುರಾಗಿ ಸವರಿ ಬಿಡಿ. ಸ್ವಲ್ಪ ಕೀಸಿ, ಹೆದೆ ಹಾಕಿ, ಕಡಿಮೆ ದೂರಕ್ಕೆ ಮೂವತ್ತು ಸಲ ಎಳೆದು, ಪ್ರತಿ ಸಲವೂ ಹೆದೆಯನ್ನು ಕೈಬಿಡದೆ ಹಿಂದಕ್ಕೆ ತನ್ನಿ. ಆಮೇಲೆ ದೂರ ನಿಂತು ನೋಡಿ. ಎಲ್ಲಿ ಬಾಗುತ್ತಿಲ್ಲವೋ ಅಲ್ಲಿ ಮಾತ್ರ ಪೆನ್ಸಿಲ್ ಗುರುತು, ಅಲ್ಲಿ ಮಾತ್ರ ಅರ. ಎಲ್ಲಿ ಜಾಸ್ತಿ ಬಾಗುತ್ತಿದೆಯೋ ಆ ಜಾಗಕ್ಕೆ ಕೈ ಹಾಕಬೇಡಿ. ಈ ಕೆಲಸಕ್ಕೆ ನನಗೆ ನಾಲ್ಕು ಸಂಜೆ ಹಿಡಿಯಿತು. ಇಡೀ ಬಿಲ್ಲಿನಲ್ಲಿ ನನಗೆ ತುಂಬ ಇಷ್ಟವಾದ ಭಾಗವೂ ಇದೇ.

ಗುರಿ 14 ಕೆಜಿ ಎಳೆತ ಮೀರದಿರಲಿ. ಅಷ್ಟು ಬಿಗಿಯ ಬಿಲ್ಲನ್ನು ಅರ್ಧ ಮೀಟರ್ ಎಳೆದರೆ ಅದರಲ್ಲಿ ಸುಮಾರು 34 ಜೂಲ್ ಶಕ್ತಿ ಸೇರುತ್ತದೆ. ಒಂದು ಕೆಜಿ ಬೆಲ್ಲದ ಅಚ್ಚು ಮೂರೂವರೆ ಮೀಟರ್ ಮೇಲಿಂದ ಬಿದ್ದಷ್ಟು. ಬಾಣವಿಲ್ಲದೆ ಹೆದೆ ಬಿಟ್ಟರೆ ಆ ಪೆಟ್ಟೆಲ್ಲ ಬಿಲ್ಲಿಗೇ. ತಾರಸಿಯ ಮೇಲಿಂದ, ಬೀದಿಯಲ್ಲಿ ಬಾಣ ಬಿಡುವ ಯೋಚನೆ ಬೇಡ. ಬಿಲ್ಲುಗಾರಿಕೆ ಕಲಿಸುವ ಮೈದಾನಕ್ಕೆ ಒಯ್ಯಿರಿ.

ನನ್ನ ಬಿದಿರಿನ ಬಿಲ್ಲು ಮುರಿಯಲಿಲ್ಲ. ಆದರೆ ಹೆದೆ ಬಿಚ್ಚಿದ ಮೇಲೂ ಎರಡು ಬೆರಳಷ್ಟು ಬಾಗು ಹಾಗೇ ಉಳಿಯಿತು. ಪೂರ್ತಿ ಒಣಗುವ ಮೊದಲೇ ಅರ ಹಿಡಿದಿದ್ದೆ. ಅದೇ ಬೊಂಬಿನ ಇನ್ನೊಂದು ದಬ್ಬೆ ಅಟ್ಟದ ಮೇಲಿದೆ. ಹೋದ ಭಾನುವಾರ 782 ಗ್ರಾಂ ಇತ್ತು, ಈ ಭಾನುವಾರ 779. ಇನ್ನೂ ಇಳಿಯುತ್ತಿದೆ.