ಗದ್ದೆಯ ಹುಳ ತೋರಿಸಿದ ದಾರಿ: ಸ್ಪಂಜಿನ ಔಷಧ ತಯಾರಿಸುವವರು ಯಾರು?

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಕಡೆ ನಾರಾಯಣಪುರ ಕಾಲುವೆಯ ನೀರು ಬಂದ ಮೇಲೆ ಭತ್ತ ಜಾಸ್ತಿಯಾಯಿತು. ಭತ್ತದ ಗದ್ದೆಯ ತೇವ ಇಷ್ಟಪಡುವ ಹುಳಗಳಲ್ಲಿ ಪೀಡೆರಸ್ ಕೂಡ ಒಂದು. ಸಣಕಲು ಮೈ, ಕೇಸರಿ ಮತ್ತು ಕಪ್ಪು ಪಟ್ಟೆ, ಉದ್ದ ಒಂದು ಸೆಂಟಿಮೀಟರ್ ಕೂಡ ಇಲ್ಲ. ಮಳೆಗಾಲದ ರಾತ್ರಿ ಟ್ಯೂಬ್‌ಲೈಟಿಗೆ ಹಾರಿ ಬರುತ್ತದೆ. ಕಚ್ಚುವುದಿಲ್ಲ, ಚುಚ್ಚುವುದೂ ಇಲ್ಲ. ಆದರೆ ಕತ್ತಿನ ಮೇಲೆ ಕೂತಾಗ ನಿದ್ದೆಗಣ್ಣಲ್ಲಿ ಹೊಸಕಿದರೆ, ಒಂದೆರಡು ದಿನದಲ್ಲಿ ಅಲ್ಲಿ ಉರಿಯುವ ಕೆಂಪು ಗೆರೆ ಮೂಡಿ ಗುಳ್ಳೆ ಏಳುತ್ತದೆ. ಎಷ್ಟೋ ಜನ ಸರ್ಪಸುತ್ತು ಅಂದುಕೊಂಡು ಹೆದರುತ್ತಾರೆ. ಹೊಸಕದೆ ಊದಿ ಓಡಿಸಿ, ಆ ಜಾಗವನ್ನು ಸೋಪು ಹಚ್ಚಿ ತೊಳೆದುಕೊಂಡರೆ ಒಳ್ಳೆಯದು. ಬೆಳೆಯ ಕಂದು ಜಿಗಿಹುಳುವನ್ನು ತಿನ್ನುವುದರಿಂದ ರೈತರಿಗೆ ಇದು ಉಪಕಾರಿ ಹುಳವೇ.

ಆ ಉರಿಗೆ ಕಾರಣ ಅದರ ರಕ್ತದಲ್ಲಿರುವ ಪೀಡೆರಿನ್ ಎಂಬ ವಿಷ. ನಮ್ಮ ಜೀವಕೋಶಗಳು ಪ್ರೋಟೀನ್ ತಯಾರಿಸುವುದನ್ನೇ ಅದು ತಡೆಯುತ್ತದೆ. ಈ ವಿಷವನ್ನು ಬೇರ್ಪಡಿಸಿ ಗುರುತಿಸಲು ವಿಜ್ಞಾನಿಗಳು ಸುಮಾರು 2.5 ಕೋಟಿ ಹುಳಗಳನ್ನು ಅರೆಯಬೇಕಾಯಿತು.

1988ರಲ್ಲಿ ವಿಚಿತ್ರವೊಂದು ಹೊರಬಿತ್ತು. ಜಪಾನಿನ ಓಕಿನಾವಾದ ಥಿಯೊನೆಲ್ಲಾ ಎಂಬ ಸ್ಪಂಜಿನಲ್ಲಿ ಓನ್ನಮೈಡ್ ಎಂಬ ವಸ್ತು ಸಿಕ್ಕಿತು. ನೋಡಿದರೆ ಪೀಡೆರಿನ್‌ಗೆ ತೀರಾ ಹತ್ತಿರದ ರಚನೆ! ಗದ್ದೆಯ ಹುಳಕ್ಕೂ ಸಮುದ್ರದ ತಳಕ್ಕೆ ಅಂಟಿಕೊಂಡ ಪ್ರಾಣಿಗೂ ಎಲ್ಲಿಯ ನೆಂಟು?

ಸ್ಪಂಜಿನ ಮೇಲೆ ಔಷಧ ಲೋಕದ ಕಣ್ಣು ಬಿದ್ದು ಆಗಲೇ ಬಹಳ ಕಾಲವಾಗಿತ್ತು. 1950ರ ದಶಕದ ಆರಂಭದಲ್ಲಿ ವರ್ನರ್ ಬರ್ಗ್‌ಮನ್ ಅಮೆರಿಕದ ಫ್ಲಾರಿಡಾ ಕಡೆಯ ಸ್ಪಂಜಿನಲ್ಲಿ ಹೊಸ ಬಗೆಯ ನ್ಯೂಕ್ಲಿಯೊಸೈಡ್‌ಗಳನ್ನು (ಡಿಎನ್‌ಎ ಕಟ್ಟುವ ಬಗೆಯ ವಸ್ತುಗಳನ್ನು) ಕಂಡಿದ್ದರು. ಆ ಸುಳಿವಿನಿಂದ ಬಂದ ಸೈಟರಾಬಿನ್ ಎಂಬ ಔಷಧಕ್ಕೆ 1969ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕಲಬುರಗಿಗೆ ಸಮುದ್ರ ನೂರಾರು ಕಿಲೋಮೀಟರ್ ದೂರ. ಆದರೂ ಇಲ್ಲಿನ ರಕ್ತ ಕ್ಯಾನ್ಸರ್ ರೋಗಿಯ ಔಷಧ ಚೀಟಿಯಲ್ಲಿ ಆ ಹೆಸರು ಕಾಣಬಹುದು.

ತೊಡಕು ಇದ್ದದ್ದು ಪ್ರಮಾಣದಲ್ಲಿ. ಜಪಾನಿನವರು 600 ಕಿಲೋ ಸ್ಪಂಜು ಅರೆದಾಗ ಕ್ಯಾನ್ಸರ್ ಕೋಶ ಕೊಲ್ಲುವ ಹ್ಯಾಲಿಕಾಂಡ್ರಿನ್ ಬಿ ಎಂಬ ವಸ್ತು ಸಿಕ್ಕಿದ್ದು ಬರೀ 12.5 ಮಿಲಿಗ್ರಾಂ. ಅದರ ಸರಳ ರೂಪವಾದ ಎರಿಬುಲಿನ್ 2010ರಲ್ಲಿ ಸ್ತನ ಕ್ಯಾನ್ಸರ್‌ಗೆ ಔಷಧವಾಯಿತು. ಅದನ್ನು ಕಾರ್ಖಾನೆಯಲ್ಲಿ ತಯಾರಿಸಲು 60ಕ್ಕೂ ಹೆಚ್ಚು ರಾಸಾಯನಿಕ ಹಂತಗಳು ಬೇಕು. ಹೀಗೆ ಮಾಡಿದ ಔಷಧ ಬಡವರ ಕೈಗೆ ಎಟುಕುವುದು ಹೇಗೆ? ಹಾಗಂತ ಸ್ಪಂಜನ್ನೇ ಕೀಳುತ್ತಾ ಹೋದರೆ ಸಮುದ್ರ ಬರಿದಾಗುತ್ತದೆ. ಆದ್ದರಿಂದ ಈ ವಸ್ತುಗಳನ್ನು ನಿಜವಾಗಿ ಯಾರು ತಯಾರಿಸುತ್ತಾರೆ ಎಂಬುದು ಸುಮ್ನೆ ಕುತೂಹಲದ ಪ್ರಶ್ನೆ ಆಗಿರಲಿಲ್ಲ.

ಅನುಮಾನ ಬ್ಯಾಕ್ಟೀರಿಯಾಗಳ ಮೇಲಿತ್ತು. ಕೆಲವು ಸ್ಪಂಜುಗಳ ತೂಕದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬ್ಯಾಕ್ಟೀರಿಯಾಗಳೇ. ಒಂದು ರೀತಿಯಲ್ಲಿ ಸ್ಪಂಜು ಮನೆ, ಇವು ಬಾಡಿಗೆಗೆ ಇರುವವು. ಆದರೆ ಇವನ್ನು ಹೊರತೆಗೆದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಲು ಹೋದರೆ ಹೆಚ್ಚಿನವು ಬೆಳೆಯುವುದೇ ಇಲ್ಲ. ಬೆಳೆಯದ ಜೀವಿಯ ಮೇಲೆ ಸಾಕ್ಷಿ ಹುಡುಕುವುದು ಹೇಗೆ?

ದಾರಿ ತೋರಿಸಿದ್ದು ಪೀಡೆರಸ್. ಪೀಡೆರಿನ್ ಹುಳದ ಸ್ವಂತ ತಯಾರಿಕೆ ಅಲ್ಲ, ಅದರೊಳಗಿನ ಬ್ಯಾಕ್ಟೀರಿಯಾದ್ದು ಎಂದು ಜರ್ಮನಿಯ ರೂಪರ್ಟ್ ಕೆಲ್ನರ್ ಅವರ ಪ್ರಯೋಗಗಳು ಸೂಚಿಸಿದ್ದವು. 2002ರಲ್ಲಿ ಜರ್ಮನಿಯ ಇನ್ನೊಬ್ಬ ವಿಜ್ಞಾನಿ ಯೋರ್ನ್ ಪೀಲ್ ಪೀಡೆರಿನ್ ತಯಾರಿಸುವ ಜೀನುಗಳನ್ನೇ ಹಿಡಿದರು. ಅವು ಸೂಡೊಮೋನಾಸ್ ಜಾತಿಯ ಬ್ಯಾಕ್ಟೀರಿಯಾದ್ದಾಗಿದ್ದವು. ಅದನ್ನೂ ಬೆಳೆಸಲು ಆಗಿರಲಿಲ್ಲ. ಪೀಲ್ ಬೆಳೆಸುವ ಗೋಜಿಗೇ ಹೋಗದೆ ಡಿಎನ್‌ಎಯನ್ನು ನೇರವಾಗಿ ಓದಿದರು. ನನ್ನ ದೃಷ್ಟಿಯಲ್ಲಿ ಈ ಇಡೀ ಕತೆಯ ತಿರುವು ಇದೇ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಮೈಕ್ರೋಬಯಾಲಜಿ ಓದುವ ಮಕ್ಕಳು ಇದನ್ನು ಗಮನಿಸಬೇಕು: ಸಮುದ್ರದ ಗಂಟು ಬಿಚ್ಚಲು ಶುರುವಾದದ್ದು ನೆಲದ ಹುಳದಿಂದ.

ರಚನೆ ಒಂದೇ ತರಹ ಇದ್ದರೆ ಜೀನುಗಳೂ ಒಂದೇ ತರಹ ಇರಬೇಕು, ಅಲ್ವಾ? ಆ ಲೆಕ್ಕದಲ್ಲಿ ಥಿಯೊನೆಲ್ಲಾ ಸ್ಪಂಜಿನ ಒಟ್ಟು ಡಿಎನ್‌ಎಯನ್ನು ಜಾಲಾಡಿದರು. 2004ರಲ್ಲಿ ಓನ್ನಮೈಡ್ ಜೀನುಗಳು ಸಿಕ್ಕವು. ಅವುಗಳ ಅಕ್ಕಪಕ್ಕದಲ್ಲಿ ಇದ್ದದ್ದೂ ಬ್ಯಾಕ್ಟೀರಿಯಾದ ಜೀನುಗಳೇ, ಸ್ಪಂಜಿನವಲ್ಲ.

ಆದರೆ ಯಾವ ಬ್ಯಾಕ್ಟೀರಿಯಾ? ಉತ್ತರಕ್ಕೆ ಇನ್ನೂ ಹತ್ತು ವರ್ಷ ಬೇಕಾಯಿತು. 2014ರಲ್ಲಿ ಪೀಲ್ ತಂಡ ಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ ಓದಿದಾಗ ಎಂಟೊಥಿಯೊನೆಲ್ಲಾ ಹೊರಬಂತು. ಎಳೆ ಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾ ಇದು. ಇದರ ಜೀನೋಮ್, ಅಂದರೆ ಒಟ್ಟು ಡಿಎನ್‌ಎ, 90 ಲಕ್ಷ ಅಕ್ಷರಗಳಿಗೂ ದೊಡ್ಡದು, ನಮ್ಮ ಕರುಳಿನ ಇ. ಕೋಲಿಯದಕ್ಕಿಂತ ಸುಮಾರು ಎರಡು ಪಟ್ಟು. ಥಿಯೊನೆಲ್ಲಾದ ಹಳದಿ ಬಗೆಯ ಸ್ಪಂಜಿನಿಂದ ಅಲ್ಲಿಯವರೆಗೆ ತೆಗೆದಿದ್ದ ಔಷಧಗುಣದ ವಸ್ತುಗಳು ಒಂದೆರಡನ್ನು ಬಿಟ್ಟರೆ ಎಲ್ಲವೂ ಈ ಒಂದೇ ಬ್ಯಾಕ್ಟೀರಿಯಾದ ಕೈಕೆಲಸ. ಅದೇ ವರ್ಷ ಜಪಾನಿನ ತಂಡವೊಂದು ಇನ್ನೊಂದು ಸ್ಪಂಜಿನ ಕ್ಯಾಲಿಕ್ಯುಲಿನ್ ವಿಷವೂ ಎಂಟೊಥಿಯೊನೆಲ್ಲಾದ್ದೇ ಎಂದು ತೋರಿಸಿತು.

ಎಂಟೊಥಿಯೊನೆಲ್ಲಾ ತಯಾರಿಸುವ ವಸ್ತುಗಳಲ್ಲಿ ಅತಿ ಸೋಜಿಗದ್ದು ಪಾಲಿಥಿಯೊನಮೈಡ್. ಮೊದಲು ಸಾಮಾನ್ಯ ಪೆಪ್ಟೈಡ್ (ಪುಟ್ಟ ಪ್ರೋಟೀನ್ ಸರಪಳಿ) ಆಗಿ ಹುಟ್ಟುತ್ತದೆ. ಆಮೇಲೆ ಕೆಲವೇ ಕಿಣ್ವಗಳು ಸೇರಿ ಅದಕ್ಕೆ ಸುಮಾರು 50 ಬದಲಾವಣೆ ಮಾಡುತ್ತವೆ. 2012ರಿಂದ ಈ ಕಿಣ್ವಗಳ ಜೀನುಗಳನ್ನು ಇ. ಕೋಲಿಗೆ ಹಾಕಿ, ಯಾವುದು ಏನು ಮಾಡುತ್ತದೆ ಎಂದು ಬಿಡಿಬಿಡಿಯಾಗಿ ಪರೀಕ್ಷಿಸುತ್ತಾ ಬಂದಿದ್ದಾರೆ. ಹೀಗೆ ಸುಲಭವಾಗಿ ಬೆಳೆಯುವ ಬ್ಯಾಕ್ಟೀರಿಯಾದಿಂದಲೇ ಇಡೀ ವಸ್ತುವನ್ನು ತಯಾರಿಸುವಂತಾದರೆ, ಒಂದು ಸ್ಪಂಜನ್ನೂ ಕೀಳದೆ ಔಷಧದ ಮೂಲವಸ್ತು ತೆಗೆಯಬಹುದು.