ಸೀಗಡಿಗೆ ಲಸಿಕೆ ಯಾಕಿಲ್ಲ?

ಸಿಂಧನೂರು, ಮಾನ್ವಿ ಕಡೆ ಉಪ್ಪೇರಿ ಸವಳು ಹಿಡಿದ ಕೆಲವು ಗದ್ದೆಗಳು ಈಗ ಸೀಗಡಿ ಹೊಂಡಗಳಾಗಿವೆ. ರೋಗ ಬಿದ್ದಾಗ ಮೊದಲು ಏಳುವ ಪ್ರಶ್ನೆ, ಕೋಳಿಗೆ ಇರುವ ಹಾಗೆ ಇದಕ್ಕೂ ಲಸಿಕೆ ಇರಬೇಕಲ್ವಾ ಅನ್ನೋದು. ಇಲ್ಲ.

1953ರಲ್ಲಿ ತುಂಗಭದ್ರಾ ನೀರು ಬಂತು, ಭತ್ತ ಬಂತು, ಬಸಿಗಾಲುವೆ ಮಾತ್ರ ಸರಿಯಾಗಿ ಬರಲಿಲ್ಲ, ಸವಳು ಏರಿತು. ಅತ್ತ 1994ರ ಹೊತ್ತಿಗೆ ಪೂರ್ವ ಕರಾವಳಿಯ ಟೈಗರ್ ಸೀಗಡಿಗೆ ಬಿಳಿ ಚುಕ್ಕೆ ವೈರಸ್ ತಗುಲಿತು. 2009ರಲ್ಲಿ ವನ್ನಾಮಿ ಎಂಬ ಬೇರೆ ಸೀಗಡಿ ಜಾತಿಯನ್ನು ಸಾಕಲು ಅನುಮತಿ ಸಿಕ್ಕಿತು. ಉಪ್ಪು ಕಡಿಮೆ ಇರುವ ನೀರಲ್ಲೂ ಇದು ಬದುಕುತ್ತದೆ. ಹಾಗಾಗಿ ಸಮುದ್ರದ ಜೀವ ಒಳನಾಡಿಗೂ ಬಂತು.

ಸೀಗಡಿಯ ಮೈಯಲ್ಲಿ ಆಂಟಿಬಾಡಿ, ಅಂದರೆ ಒಂದೊಂದು ರೋಗಾಣುವನ್ನೇ ಗುರುತಿಸಿ ಹಿಡಿಯುವ ಪ್ರೋಟೀನ್, ತಯಾರಾಗುವುದಿಲ್ಲ. ಕೋಳಿಯ ಲಸಿಕೆ ಹೆಚ್ಚಾಗಿ ಕೆಲಸ ಮಾಡುವುದು ಆಂಟಿಬಾಡಿಯಿಂದ. ಸೀಗಡಿಗೆ ಮೊದಲ ಕಾವಲು ಚಿಪ್ಪು. ಅದು ಒಡೆದರೆ ರಕ್ತ ಬೇಗ ಹೆಪ್ಪುಗಟ್ಟಿ ಗಾಯ ಮುಚ್ಚುತ್ತದೆ. ರಕ್ತಕಣಗಳು ಬ್ಯಾಕ್ಟೀರಿಯಾದ ಗೋಡೆಯ ಗುರುತು ಹಿಡಿದು ನುಂಗುತ್ತವೆ, ಇಲ್ಲವೇ ಸುತ್ತುಗಟ್ಟುತ್ತವೆ. ಅಲ್ಲಿ ಮೆಲನಿನ್ ಎಂಬ ಕಪ್ಪು ಬಣ್ಣದ ವಸ್ತು ಕೂಡಿ ಕಪ್ಪಾಗುತ್ತದೆ. ಚಿಪ್ಪಿನ ಮೇಲಿನ ಕಪ್ಪು ಕಲೆ ಎಷ್ಟೋ ಸಲ ಇದೇ ಹೋರಾಟದ ಗುರುತು. ವೈರಸ್ಸಿನ ಆರ್‌ಎನ್‌ಎ ಕತ್ತರಿಸುವ ವ್ಯವಸ್ಥೆಯೂ ಜೀವಕೋಶದೊಳಗೆ ಇದೆ. ಪ್ರಯೋಗಾಲಯದಲ್ಲಿ ವೈರಸ್ಸಿನ ಪ್ರೋಟೀನ್ ತಿನ್ನಿಸಿದಾಗ ಸ್ವಲ್ಪ ಕಾಲ ರಕ್ಷಣೆ ಸಿಕ್ಕಿದ್ದೂ ಉಂಟು. ಆದರೆ ಬಿಳಿ ಚುಕ್ಕೆ ಜೋರಾಗಿ ಹಬ್ಬಿದರೆ ಇಡೀ ಹೊಂಡ ಖಾಲಿಯಾಗಲು ಹತ್ತು ದಿನ ಸಾಕು.

ಗೊಂದಲ ಇರುವುದು ಮರಿಯ ವಿಷಯದಲ್ಲಿ. ರೋಗಮುಕ್ತ ಮರಿ ಅಂದರೆ ಪಟ್ಟಿ ಮಾಡಿದ ಕೆಲವು ರೋಗಾಣುಗಳು ಅದರಲ್ಲಿ ಇಲ್ಲ ಅಂತ ಅಷ್ಟೆ. ರೋಗ ತಡೆಯುವ ಶಕ್ತಿ ಇದೆ ಅಂತಲ್ಲ. ಮಾರುವಾಗ ಈ ಎರಡೂ ಒಂದೇ ಉಸಿರಲ್ಲಿ ಬರುತ್ತವೆ.

ಇನ್ನು ಮೇವಿಗೆ ಬೆರೆಸಲು ಮಾರುವ 'ಇಮ್ಯುನಿಟಿ' ಡಬ್ಬಿಗಳು. ಯೀಸ್ಟ್‌ನ ಗೋಡೆಯಲ್ಲಿರುವ ಬೀಟಾ ಗ್ಲೂಕನ್ ಎಂಬ ಅಂಶ ರಕ್ತಕಣಗಳನ್ನು ಎಚ್ಚರಿಸುವುದು ನಿಜ. ಹಾಗಂತ ಪ್ರತಿ ಮೇವಿಗೂ ಡಬ್ಬಿ ಸುರಿದರೆ ಖರ್ಚೇ ಜಾಸ್ತಿ. ಅದಕ್ಕಿಂತ ಮೊದಲು ನೋಡಬೇಕಾದ್ದು ನೀರು. ನಮ್ಮ ಸವಳು ನೀರಿನಲ್ಲಿ ಸಾಮಾನ್ಯವಾಗಿ ಪೊಟ್ಯಾಷಿಯಂ ಕಡಿಮೆ. ಅದು ಸಾಲದಿದ್ದರೆ ಸೀಗಡಿ ಸೋಲುತ್ತದೆ, ಹಳೆ ಚಿಪ್ಪು ಕಳಚಿ ಪೊರೆ ಬಿಟ್ಟಾಗ ಸಾಯುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಮೊದಲ ಕಾವಲೇ ಸಡಿಲ. ನೀರು ಪರೀಕ್ಷೆ ಮಾಡಿಸಿ ಪೊಟ್ಯಾಷ್ ಹಾಕುವುದಕ್ಕೆ ಯಾರೂ ಜಾಹೀರಾತು ಕೊಡುವುದಿಲ್ಲ, ಬಿಡಿ.

ಈಚಿನ ತಲೆನೋವು ಇಎಚ್‌ಪಿ. ಇದು ಜೀರ್ಣಾಂಗದ ಜೀವಕೋಶದೊಳಗೇ ಕೂರುವ ಸೂಕ್ಷ್ಮ ಜೀವಿ. ಸೀಗಡಿ ಸಾಮಾನ್ಯವಾಗಿ ಒಮ್ಮೆಲೇ ಸಾಯುವುದಿಲ್ಲ, ಬೆಳೆಯುವುದೂ ಇಲ್ಲ, ಮೇವು ಮಾತ್ರ ಖಾಲಿಯಾಗುತ್ತದೆ. ಇದರ ಬೀಜಕಣ ಹೊಂಡದ ಕೆಸರಲ್ಲೇ ಉಳಿಯುತ್ತದೆ. ಆದ್ದರಿಂದ ಮರಿ ತರುವ ಮೊದಲು ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಬೇಕು, ಎರಡು ಬೆಳೆಯ ನಡುವೆ ಹೊಂಡ ಬತ್ತಿಸಿ ಸುಟ್ಟ ಸುಣ್ಣ ಹಾಕಬೇಕು.