ನೋವು ಎಡಗಾಲಿಗೆ, ಬ್ಯಾಟರಿ ಬಲಕ್ಕೆ: ಡಾಕ್ಟರು ತಪ್ಪು ಮಾಡಿದರಾ?

ಪ್ರಶ್ನೆ: "ಸರ, ನಮ್ಮ ಅವ್ವಗ ಬೆನ್ನಾಗ ಸ್ಟಿಮ್ಯುಲೇಟರ್ ಕೂಡ್ಸ್ಯಾರ. ನೋವು ಇರೋದು ಎಡಗಾಲಾಗ. ಬ್ಯಾಟರಿ ಮಾತ್ರ ಬಲಗಡಿ ಟೊಂಕದ ಕೆಳಗ ಹಾಕ್ಯಾರ. ಡಾಕ್ಟರ್ ತಪ್ಪ ಮಾಡ್ಯಾರೇನು? ತಗದು ಎಡಗಡಿ ಹಾಕ್ರಿ ಅಂತ ಕೇಳ್ಬೇಕೇನ್ರಿ?"

ಇಲ್ಲ. ತಪ್ಪು ಮಾಡಿಲ್ಲ. ದಯವಿಟ್ಟು ಕೇಳಬೇಡಿ.

ಈ ಉತ್ತರವನ್ನು ಎಷ್ಟು ಜನರಿಗೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ಚಹಾ ಕುಡಿಯುವಾಗ ಕೊಟ್ಟಿದ್ದೇನೆ. ಶರಣಬಸವೇಶ್ವರ ಗುಡಿಯ ಮುಂದೆ ನಿಂತು ಕೊಟ್ಟಿದ್ದೇನೆ. ಹೈದರಾಬಾದ್ ರೈಲಿನಲ್ಲಿ ತಾಂಡೂರು ದಾಟುವವರೆಗೂ ಒಬ್ಬ ತಮ್ಮನಿಗೆ ವಿವರಿಸಿದ್ದೇನೆ. ಆದರೂ ವಾರಕ್ಕೊಬ್ಬರು ಇದನ್ನೇ ಕೇಳುತ್ತಾರೆ. ಆದ್ದರಿಂದ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಜೇವರ್ಗಿ ಕಡೆ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ನಾನು. ನನ್ನ ಬಲಗಡೆಯೂ ಇದೇ ಬ್ಯಾಟರಿ ಇದೆ. ನನ್ನ ನೋವೂ ಎಡಗಾಲಿನದೇ.

ಸ್ಟಿಮ್ಯುಲೇಟರ್ ಅಂದರೆ ಬೆನ್ನುಹುರಿಗೆ ಸಣ್ಣ ಕರೆಂಟು ಕೊಟ್ಟು ನೋವು ತಗ್ಗಿಸುವ ಸಾಧನ. ಮೊದಲು ಅದರ ಬ್ಯಾಟರಿಯ ಕೆಲಸ ಏನು ಅಂತ ನೋಡೋಣ. ಹೊಲದ ಬೋರು ನೆನಪಿಸಿಕೊಳ್ಳಿ. ಮೋಟರು ಭೂಮಿಯ ಒಳಗೆ ನೂರಾರು ಅಡಿ ಕೆಳಗಿದೆ. ಸ್ಟಾರ್ಟರ್ ಡಬ್ಬಿ ಬದುವಿನ ಮೇಲೆ ಬೇವಿನ ಮರಕ್ಕೆ ತೂಗುತ್ತಿದೆ. ಡಬ್ಬಿ ಬೇವಿನ ಮರಕ್ಕಿದೆ ಅಂತ ನೀರು ಬೇವಿನ ಮರಕ್ಕೆ ಹೋಗುತ್ತದೆಯೇ? ಪೈಪು ಎಲ್ಲಿಗೆ ಹೋಗಿದೆಯೋ ನೀರು ಅಲ್ಲಿಗೆ ಹೋಗುತ್ತದೆ. ಡಬ್ಬಿಯನ್ನು ಈಚಲು ಮರಕ್ಕೆ ಕಟ್ಟಿದರೂ ನೀರು ಅಲ್ಲಿಗೇ. ನಿಮ್ಮ ಅವ್ವನ ಟೊಂಕದ ಕೆಳಗಿರುವುದು ಆ ಸ್ಟಾರ್ಟರ್ ಡಬ್ಬಿ. ಬೆಂಕಿಪೊಟ್ಟಣಕ್ಕಿಂತ ತುಸು ಅಗಲವಾದ, ತೆಳ್ಳಗಿನ ಟೈಟೇನಿಯಂ ಡಬ್ಬಿ. ಅದರಿಂದ ಹೊರಟ ಸಣ್ಣ ವೈರು ಚರ್ಮದ ಕೆಳಗೇ ಸಾಗಿ ಬೆನ್ನುಮೂಳೆಯ ಒಳಗೆ ಹೋಗುತ್ತದೆ. ಬೆನ್ನುಹುರಿಯ ಹೊರಪೊರೆಯ ಹಿಂದೆ ಕೂರುತ್ತದೆ. ವೈರಿನ ತುದಿಯಲ್ಲಿ ಸಾಲಾಗಿ ಪುಟ್ಟ ಲೋಹದ ಬಳೆಗಳಿವೆ, ಸಾಮಾನ್ಯವಾಗಿ ಒಂದು ವೈರಿಗೆ 8. ಕೆಲಸ ಮಾಡುವುದು ಆ ಬಳೆಗಳು.

ಆ ತುದಿ ಎಲ್ಲಿರುತ್ತದೆ ಗೊತ್ತಾ? ಸೊಂಟ ಮತ್ತು ಕಾಲಿನ ನೋವಿಗೆ ಹೆಚ್ಚಾಗಿ ಎದೆಯ ಹಿಂಭಾಗದ 8ನೇ, 9ನೇ ಮೂಳೆಯ ಆಸುಪಾಸಿನಲ್ಲಿ. ಅಂದರೆ ಬೆನ್ನಿನ ನಡುವೆ. ನೋವು ಕಾಲಿನಲ್ಲಿ, ವೈರಿನ ತುದಿ ನಡುಬೆನ್ನಿನಲ್ಲಿ. ವೈರೇ ನೋವಿನ ಮೇಲಿಲ್ಲ. ಇನ್ನು ಬ್ಯಾಟರಿ ಯಾಕೆ ನೋವಿನ ಕಡೆಗಿರಬೇಕು?

ಈ ತಪ್ಪು ತಿಳಿವಳಿಕೆ ಎಲ್ಲಿಂದ ಬಂತು ಅಂತ ನಾನು ಬಹಳ ಯೋಚಿಸಿದ್ದೇನೆ. ನಮ್ಮ ಕಡೆ ಎಲ್ಲಿ ನೋವೋ ಅಲ್ಲೇ ಮದ್ದು. ಮೊಣಕಾಲು ನೋವಾದರೆ ಮೊಣಕಾಲಿಗೆ ಎಣ್ಣೆ. ಟೊಂಕ ಹಿಡಿದರೆ ಟೊಂಕಕ್ಕೆ ಬಿಸಿ ಇಟ್ಟಿಗೆಯ ಶೇಕ. ಫಿಜಿಯೋಥೆರಪಿಗೆ ಹೋದರೂ ಕರೆಂಟಿನ ಪಟ್ಟಿ ಅಂಟಿಸುವುದು ನೋವಿದ್ದಲ್ಲೇ. ಹೀಗೆ ನೋಡಿ ಬೆಳೆದವರಿಗೆ ಬ್ಯಾಟರಿ ಬೇರೆ ಕಡೆ ಕಂಡರೆ ಗಾಬರಿ ಆಗುವುದು ಸಹಜ. ಗಾಬರಿ ತಪ್ಪಲ್ಲ. ಆದರೆ ಆ ಗಾಬರಿಯಲ್ಲಿ ಮತ್ತೆ ಆಪರೇಷನ್ ಮಾಡಿಸಲು ಹೊರಡುವುದು ತಪ್ಪು. ಚರ್ಮದ ಕೆಳಗಿನ ಆ ಜೇಬನ್ನು ತೆರೆದ ಪ್ರತಿ ಸಲವೂ ಸೋಂಕಿನ ಅಪಾಯ ಇದೆ. ಸೋಂಕು ತಗಲಿದರೆ ಬ್ಯಾಟರಿ, ವೈರು ಎರಡನ್ನೂ ತೆಗೆಯಬೇಕಾಗಬಹುದು. ಸಿಕ್ಕ ಆರಾಮವೂ ಹೋದ ಹಾಗೆ.

ನಂಬಿಕೆ ಬರಲಿಲ್ಲವಾ? ಟ್ರಯಲ್ ದಿನಗಳನ್ನು ನೆನಪಿಸಿಕೊಳ್ಳಿ. ಪೂರ್ತಿ ಆಪರೇಷನ್‌ಗೆ ಮೊದಲು ಕೆಲವು ದಿನ, ಸಾಮಾನ್ಯವಾಗಿ ವಾರದ ಮಟ್ಟಿಗೆ, ವೈರು ಮಾತ್ರ ಒಳಗೆ ಹಾಕಿ ಪರೀಕ್ಷೆ ಮಾಡುತ್ತಾರೆ. ನೋವು ಅರ್ಧಕ್ಕರ್ಧವಾದರೂ ಇಳಿದರೆ ಮಾತ್ರ ಮುಂದಿನ ಹೆಜ್ಜೆ. ಆಗ ಬ್ಯಾಟರಿ ಎಲ್ಲಿತ್ತು? ದೇಹದ ಹೊರಗಿತ್ತು! ಪಟ್ಟಿ ಹಾಕಿ ಟೊಂಕಕ್ಕೆ ಅಂಟಿಸಿದ್ದರು. ಆಗ ನಿಮ್ಮ ಅವ್ವ "ಈಗ ಆರಾಮ ಅನಸ್ತದ" ಅಂದಿದ್ದಕ್ಕೇ ಅಲ್ವಾ ಆಪರೇಷನ್ ಆಗಿದ್ದು? ಹೊರಗಿದ್ದ ಬ್ಯಾಟರಿ ಆರಾಮ ಕೊಟ್ಟಿತೆಂದ ಮೇಲೆ, ಒಳಗೆ ಬಲಕ್ಕಿದ್ದರೇನು, ಎಡಕ್ಕಿದ್ದರೇನು?

ನನ್ನದೇ ದೇಹದ ಪುರಾವೆ ಇನ್ನೊಂದಿದೆ. ನನ್ನ ಬ್ಯಾಟರಿಯನ್ನು ಮೊದಲು ಸರಿಯಾಗಿ ಬೆಲ್ಟಿನ ಗೆರೆಯ ಮೇಲೆ ಇಟ್ಟಿದ್ದರು. ನೀವು ಪ್ಯಾಂಟು ಎಲ್ಲಿ ಕಟ್ಟುತ್ತೀರಿ, ಉಡದಾರ ಎಲ್ಲಿ ಬರುತ್ತದೆ ಅಂತ ಆ ಆಸ್ಪತ್ರೆಯಲ್ಲಿ ಒಬ್ಬರೂ ಕೇಳಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ. ಬೆಲ್ಟು ಉಜ್ಜಿ ಉಜ್ಜಿ ಚರ್ಮ ಕೆಂಪಾಯಿತು, ತೆಳುವಾಯಿತು. ಹದಿನಾಲ್ಕು ತಿಂಗಳ ಮೇಲೆ ಬೇರೆ ಡಾಕ್ಟರು ಅದನ್ನು ನಾಲ್ಕು ಬೆರಳು ಕೆಳಗೆ ಇಳಿಸಿದರು. ವೈರಿನ ತುದಿ ಮುಟ್ಟಲಿಲ್ಲ. ಕರೆಂಟನ್ನು ಹೆಚ್ಚು ಕಡಿಮೆ ಮಾಡುವ ರಿಮೋಟಿನ ಪ್ರೋಗ್ರಾಂ ಒಂದನ್ನೂ ಬದಲಾಯಿಸಲಿಲ್ಲ. ಎಡಗಾಲಿನ ನೋವು ಮೊದಲು ಎಷ್ಟು ಹತೋಟಿಯಲ್ಲಿತ್ತೋ ಆಮೇಲೂ ಅಷ್ಟೇ ಇತ್ತು. ಬ್ಯಾಟರಿಯ ಜಾಗಕ್ಕೂ ನೋವಿಗೂ ನಂಟಿದ್ದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಓದಿದವರು ಇದೇ ತಪ್ಪನ್ನು ಇನ್ನೊಂದು ರೀತಿ ಹೇಳುತ್ತಾರೆ. "ಎಡ ಭಾಗವನ್ನು ಬಲ ಮೆದುಳು ನೋಡಿಕೊಳ್ಳುತ್ತದೆ, ಅದಕ್ಕೇ ಬ್ಯಾಟರಿ ಬಲಕ್ಕೆ ಹಾಕಿದ್ದಾರೆ" ಅಂತ. ಇದೂ ಸರಿಯಲ್ಲ. ಬೆನ್ನುಹುರಿಯ ಹಿಂಭಾಗದಲ್ಲಿ ಮೇಲಕ್ಕೆ ಹೋಗುವ ಸ್ಪರ್ಶದ ನರಗಳು ಬಂದ ಕಡೆಯಲ್ಲೇ ಮೇಲೇರುತ್ತವೆ. ಮೆದುಳಿನ ಬುಡಕ್ಕೆ ಹೋದ ಮೇಲಷ್ಟೇ ಆಚೆ ಬದಿಗೆ ದಾಟುತ್ತವೆ. ಹಾಗಾಗಿ ಎಡಗಾಲಿನ ನೋವಿಗೆ ವೈರಿನ ಬಳೆಗಳು ನಡುಗೆರೆಯ ಮೇಲೆ ಅಥವಾ ತುಸು ಎಡಕ್ಕೆ ಇರುತ್ತವೆ. ಎಡಬಲದ ಲೆಕ್ಕ ಇರುವುದು ವೈರಿಗೆ. ಬ್ಯಾಟರಿಗೆ ಆ ಲೆಕ್ಕವೇ ಇಲ್ಲ. 1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ವಿಚಾರ ಮುಂದಿಟ್ಟರು. ಬೆನ್ನುಹುರಿಯಲ್ಲಿ ನೋವಿಗೆ ಒಂದು ಬಾಗಿಲಿದೆ, ಸ್ಪರ್ಶದ ನರಗಳನ್ನು ಚುರುಕು ಮಾಡಿದರೆ ಆ ಬಾಗಿಲು ಮುಚ್ಚುತ್ತದೆ ಎಂದರು. ಎರಡೇ ವರ್ಷದಲ್ಲಿ, 1967ರಲ್ಲಿ, ಅಮೆರಿಕದಲ್ಲಿ ನಾರ್ಮನ್ ಶೀಲಿ ಎಂಬ ಡಾಕ್ಟರು ರೋಗಿಯೊಬ್ಬರಿಗೆ ಮೊದಲ ಸಲ ಇಂಥದ್ದನ್ನು ಅಳವಡಿಸಿದರು. ಆ ಬಾಗಿಲು ಇರುವುದು ಬೆನ್ನುಹುರಿಯಲ್ಲಿ.

ಇನ್ನೊಂದು ಅನುಭವವೂ ಜನರ ತಲೆ ಕೆಡಿಸುತ್ತದೆ. ಅಂಗಾತ ಮಲಗಿದ ಕೂಡಲೇ ಕರೆಂಟಿನಿಂದ ಆಗುವ ಜುಮುಜುಮು ಜೋರಾಗುತ್ತದೆ. ಎದ್ದು ನಿಂತರೆ ಕಡಿಮೆಯಾಗುತ್ತದೆ. "ನೋಡ್ರಿ, ಬ್ಯಾಟರಿ ಮೈಯ ಕೆಳಗ ಒತ್ತಿತು, ಕರೆಂಟ್ ಜಾಸ್ತಿ ಬಂತು" ಅನ್ನುತ್ತಾರೆ. ಬ್ಯಾಟರಿ ಒತ್ತಿದರೆ ಕರೆಂಟು ಜಾಸ್ತಿ ಬರುವುದಿಲ್ಲ. ಬೆನ್ನುಹುರಿ ನೀರಿನಂಥ ದ್ರವದಲ್ಲಿ ತೇಲುತ್ತಿದೆ. ಅಂಗಾತ ಮಲಗಿದಾಗ ಅದು ಹಿಂದಕ್ಕೆ, ವೈರಿನ ಹತ್ತಿರಕ್ಕೆ ಸರಿಯುತ್ತದೆ. ಹತ್ತಿರ ಬಂದಿದ್ದಕ್ಕೆ ಜೋರು ಅನಿಸುತ್ತದೆ. ರಿಮೋಟಿನಲ್ಲಿ ಒಂದೆರಡು ಹಂತ ಇಳಿಸಿ ಮಲಗಿ, ಸಾಕು. ಮಲಗಿದ್ದನ್ನು ತಾನೇ ಗುರುತಿಸಿ ತಗ್ಗಿಸಿಕೊಳ್ಳುವ ಮಾದರಿಗಳೂ ಇವೆ. ಜುಮುಜುಮು ಅನ್ನಿಸದೆಯೇ ಕೆಲಸ ಮಾಡುವ ಮಾದರಿಗಳೂ ಇವೆ.

ಹಾಗಾದರೆ ಬ್ಯಾಟರಿಯ ಜಾಗವನ್ನು ಯಾವ ಆಧಾರದ ಮೇಲೆ ಆರಿಸಬೇಕು? ನಿಮ್ಮ ದಿನಚರಿಯ ಆಧಾರದ ಮೇಲೆ. ನೀವು ಕೇಳಬೇಕಾಗಿದ್ದ ಪ್ರಶ್ನೆ ಇದು. ಆಪರೇಷನ್‌ಗೆ ಮೊದಲೇ ಕೇಳಬೇಕಿತ್ತು.

ಹೆಚ್ಚಾಗಿ ಪಿರ್ರೆಯ ಮೇಲ್ಭಾಗ ಅಥವಾ ಪಕ್ಕೆಯ ಹಿಂಭಾಗ ಆರಿಸುತ್ತಾರೆ. ಕೆಲವರಿಗೆ ಹೊಟ್ಟೆಯ ಪಕ್ಕದಲ್ಲಿ. ಕೆಳಪಕ್ಕೆಲುಬಿಗೆ ತಾಗಬಾರದು, ಸೊಂಟದ ಮೂಳೆಯ ಅಂಚಿಗೆ ತಾಗಬಾರದು, ಕೂತಾಗ ಭಾರ ಬೀಳುವ ಜಾಗವಾಗಬಾರದು. ಇಷ್ಟು ಡಾಕ್ಟರಿಗೆ ಗೊತ್ತಿರುತ್ತದೆ. ಅವರಿಗೆ ಗೊತ್ತಿರದಿರುವುದು ನಿಮ್ಮ ಬದುಕು. ಪರಕಾರದ ಲಾಡಿ ಎಲ್ಲಿ ಬಿಗಿಯುತ್ತೀರಿ? ಹಬ್ಬಕ್ಕೆ ಡಾಬು ಹಾಕುತ್ತೀರಾ? ಧೋತರ ಉಡುವವರಾ? ರೊಟ್ಟಿ ಬಡಿಯಲು ನೆಲದ ಮೇಲೆ ಕೂರುತ್ತೀರಾ, ಕೂತು ಗೋಡೆಗೆ ಯಾವ ಕಡೆ ಒರಗುತ್ತೀರಿ? ಯಾವ ಮಗ್ಗುಲಿಗೆ ಮಲಗುತ್ತೀರಿ? ಟ್ರ್ಯಾಕ್ಟರ್ ಓಡಿಸುತ್ತೀರಾ? ಬಹಳ ಮುಖ್ಯವಾದದ್ದು, ಕೊಡ ಯಾವ ಟೊಂಕದ ಮೇಲೆ ಇಡುತ್ತೀರಿ, ಮೊಮ್ಮಗನನ್ನು ಯಾವ ಟೊಂಕದ ಮೇಲೆ ಎತ್ತಿಕೊಳ್ಳುತ್ತೀರಿ? ಬೇಸಿಗೆಯಲ್ಲಿ ನೀರು ತರುವ ನಮ್ಮ ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ. ಸುಮಾರು ಜನ ಎಡ ಟೊಂಕಕ್ಕೇ ಕೊಡ ಇಡುತ್ತಾರೆ. ಅಂಥವರಿಗೆ ಬಲಗಡೆ ಬ್ಯಾಟರಿ ಇಟ್ಟರೆ ಅದು ಪುಣ್ಯದ ಕೆಲಸ. ನಿಮ್ಮ ಅವ್ವನ ಡಾಕ್ಟರು ಇದನ್ನೇ ಯೋಚಿಸಿರಬಹುದು. ಒಮ್ಮೆ ಅವ್ವನನ್ನೇ ಕೇಳಿ ನೋಡಿ, ಅವರು ಏನಾದರೂ ವಿಚಾರಿಸಿದ್ದರಾ ಅಂತ.

ಆಪರೇಷನ್ ಇನ್ನೂ ಆಗಬೇಕಿರುವವರಿಗೆ ಒಂದು ಮಾತು. ದಿನಾ ಉಡುವ ಬಟ್ಟೆಯಲ್ಲೇ ಹೋಗಿ. ನಿಂತಾಗ ಒಮ್ಮೆ, ಕೂತಾಗ ಒಮ್ಮೆ ಜಾಗ ಗುರುತು ಹಾಕಲು ಹೇಳಿ. ಮಲಗಿಸಿ ಹಾಕಿದ ಗುರುತು ಕೂತಾಗ ಎಲ್ಲಿಗೋ ಸರಿದಿರುತ್ತದೆ. ಚಾರ್ಜ್ ಮಾಡುವ ಬ್ಯಾಟರಿಯಾದರೆ ನಿಮ್ಮ ಕೈಗೆ ಎಟಕುವ ಕಡೆ ಬೇಕು. ಬಲಗೈಯವರಿಗೆ ಬಲಕ್ಕಿರುವುದಕ್ಕೆ ಇದೂ ಒಂದು ಕಾರಣ. ಅದು ಚರ್ಮದಿಂದ ಸಾಮಾನ್ಯವಾಗಿ 2ರಿಂದ 2.5 ಸೆಂಟಿಮೀಟರ್‌ಗಿಂತ ಆಳಕ್ಕೆ ಹೋಗಬಾರದು, ಹೋದರೆ ಚಾರ್ಜರಿಗೆ ಸಿಗುವುದಿಲ್ಲ. ತೀರಾ ಮೇಲಿದ್ದರೆ ಚರ್ಮ ಸವೆಯುತ್ತದೆ. ಜೇಬು ಸಡಿಲವಾಗಿ ಬ್ಯಾಟರಿ ಒಳಗೇ ಮಗುಚಿಕೊಳ್ಳುವುದೂ ಉಂಟು. ಆಗಲೂ ಚಾರ್ಜ್ ಆಗುವುದಿಲ್ಲ. ಎಕ್ಸ್‌ರೇ ತೆಗೆದರೆ ಗೊತ್ತಾಗುತ್ತದೆ. ಬೆರಳಿನಿಂದ ಅದನ್ನು ಆಡಿಸುವ, ತಿರುವುವ ಚಟ ಬೇಡವೇ ಬೇಡ.

ನಮ್ಮೂರಿನ ಬಿಸಿಲಿನ ಬಗ್ಗೆಯೂ ಕೇಳುತ್ತಾರೆ. ಮೇ ತಿಂಗಳ 43 ಡಿಗ್ರಿಗೆ ಒಳಗಿನ ಬ್ಯಾಟರಿ ಸಿಡಿಯುವುದಿಲ್ಲ. ಅದು ಇರುವುದು ನಿಮ್ಮ ಮೈಯ ಒಳಗೆ, ಮೈಯ ಶಾಖದಲ್ಲಿ. ಚಾರ್ಜ್ ಮಾಡುವಾಗ ಮಾತ್ರ ಚಾರ್ಜರ್ ಬೆಚ್ಚಗಾಗುತ್ತದೆ. ಮಧ್ಯಾಹ್ನ ಬೆವರುತ್ತಾ ಮಾಡಬೇಡಿ. ನಾನು ಬೆಳಗಿನ ಜಾವ, ತೆಳು ಹತ್ತಿಯ ಬನಿಯನ್ ಮೇಲೆ ಇಟ್ಟುಕೊಂಡು ಮಾಡುತ್ತೇನೆ. ಚಾರ್ಜರ್ ಕಟ್ಟಿಕೊಂಡು ನಿದ್ದೆ ಹೋಗಬೇಡಿ, ಚರ್ಮ ಸುಡಬಹುದು.

ನಿಜವಾಗಿ ಹೆದರಬೇಕಾದದ್ದು ಬೇರೆಯದಕ್ಕೆ. ಫಿಜಿಯೋಥೆರಪಿಯ ಕರೆಂಟ್ ಶೇಕಕ್ಕೆ. ಅದಕ್ಕೆ ಡೈಯಥರ್ಮಿ ಅನ್ನುತ್ತಾರೆ. ಸ್ಟಿಮ್ಯುಲೇಟರ್ ಇದ್ದವರಿಗೆ ಅದನ್ನು ಮೈಯ ಯಾವ ಭಾಗಕ್ಕೂ ಕೊಡಬಾರದು. ಬ್ಯಾಟರಿ ಬಂದ್ ಮಾಡಿದ್ದರೂ ಕೊಡಬಾರದು. ವೈರಿನ ತುದಿ ಕಾದು ಬೆನ್ನುಹುರಿಗೇ ಪೆಟ್ಟಾಗಬಹುದು, ಜೀವಕ್ಕೂ ಅಪಾಯ. ಅವ್ವ ಮೊಣಕಾಲು ನೋವು ಅಂತ ಶೇಕಕ್ಕೆ ಹೋದರೆ, ಬಾಗಿಲಲ್ಲೇ ಸ್ಟಿಮ್ಯುಲೇಟರಿನ ಗುರುತಿನ ಕಾರ್ಡ್ ತೋರಿಸಿ "ಡೈಯಥರ್ಮಿ ಬೇಡ" ಅನ್ನಲಿ. ಎಂಆರ್‌ಐ ಮಾಡಿಸುವ ಮೊದಲೂ ಅದೇ ಕಾರ್ಡ್ ತೋರಿಸಬೇಕು. ಯಾವ ಮಾದರಿಗೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಅಂತ ಅದರ ಮೇಲೆ ತೀರ್ಮಾನವಾಗುತ್ತದೆ.

ಕೊನೆಗೆ ಯಾರೂ ಕೇಳದ ಒಂದು ಪ್ರಶ್ನೆ. ಕೇಳಲು ಬಾಯಿ ಬರುವುದಿಲ್ಲ, ನನಗೆ ಗೊತ್ತು. ಈ ಬ್ಯಾಟರಿ ಇದ್ದವರು ತೀರಿಕೊಂಡರೆ ಏನು ಮಾಡಬೇಕು? ಹೂಳುವ ಮನೆತನವಾದರೆ ಏನೂ ಮಾಡಬೇಕಿಲ್ಲ, ಹಾಗೇ ಇರಲಿ. ನಮ್ಮ ಕಡೆ ಲಿಂಗಾಯತರು, ಮುಸ್ಲಿಮರು ಹೂಳುತ್ತಾರೆ, ಅವರಿಗೆ ಈ ಚಿಂತೆಯಿಲ್ಲ. ಸುಡುವ ಪದ್ಧತಿಯಾದರೆ ಬ್ಯಾಟರಿಯನ್ನು ಮೊದಲು ತೆಗೆಸಲೇಬೇಕು. ಬೆಂಕಿಯಲ್ಲಿ ಅದು ಸಿಡಿಯುತ್ತದೆ. ಚಿತೆಯ ಹತ್ತಿರ ನಿಂತವರು ಮನೆಯವರೇ ಅಲ್ವಾ, ಪೆಟ್ಟಾಗುವುದು ಅವರಿಗೆ. ತೆಗೆಯುವುದು ಸಣ್ಣ ಕೆಲಸ. ಆದರೆ ಆ ದುಃಖದಲ್ಲಿ ಯಾರಿಗೂ ನೆನಪಾಗುವುದಿಲ್ಲ.

ನಮ್ಮ ಮನೆಯಲ್ಲಿ ಸುಡುವುದೇ ಪದ್ಧತಿ. ನನ್ನ ಕಾರ್ಡಿನ ಕವರಿನಲ್ಲಿ ಒಂದು ಚೀಟಿ ಇಟ್ಟಿದ್ದೇನೆ. "ಬಲಗಡೆ, ಬೆಲ್ಟಿಗಿಂತ ನಾಲ್ಕು ಬೆರಳು ಕೆಳಗೆ. ಮೊದಲು ಡಾಕ್ಟರಿಗೆ ಹೇಳಿ ಇದನ್ನು ತೆಗೆಸಿ" ಅಂತ. ಮಗನಿಗೆ ಓದಿ ತೋರಿಸಿದೆ. ಅವನು ಏನೂ ಮಾತಾಡಲಿಲ್ಲ. ಚೀಟಿಯ ಫೋಟೋ ತೆಗೆದು ತನ್ನ ಮೊಬೈಲಿನಲ್ಲಿ ಇಟ್ಟುಕೊಂಡ.